ಪಡಸಾಲೆಯಿಂದ ಪುಣೆಗೆ ಹೋಗಿಬರುವ ಮಾಮಾ

ನಮ್ಮ ಮಾಮಾಗೆ ತಲೆ ಸ್ವಲ್ಪ ಕೆಟ್ಟಿದೆ ಎಂದು ಮೂಡಲಗಿಯಲ್ಲಿ ಹೇಳುವವರಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ತಕರಾರು ಇಷ್ಟೇ: ಆ 'ಸ್ವಲ್ಪ' ಎನ್ನುವ ಮಾತನ್ನು ಅವರು ಯಾವ ಆಧಾರದ ಮೇಲೆ ಸೇರಿಸುತ್ತಾರೆ?

ಮಾಮಾ ಎಂದರೆ ನನ್ನ ಅಕ್ಕನ ಗಂಡ. ಅವರ ಅಜ್ಜ ಕುರಿ ಕಾಯುತ್ತಿದ್ದರು, ಅಪ್ಪ ಕಬ್ಬು ಬೆಳೆದರು, ಇವರು ಕಂಪ್ಯೂಟರ್ ಕಾಯುತ್ತಾರೆ. ಮೊದಲು ಒಂದು ಸಕ್ಕರೆ ಕಾರ್ಖಾನೆಯಲ್ಲಿದ್ದರು. ಮನೆಯಲ್ಲೇ ಕೂತು ಕೆಲಸ ಮಾಡುವ ಕಾಲ ಬಂದಮೇಲೆ ಪುಣೆಯ ಒಂದು ಕಂಪನಿ ಇವರನ್ನು ಹಿಡಿದುಕೊಂಡಿತು. ಊರೂರಿನ ಶೀತಲಗೃಹಗಳ ಯಂತ್ರಗಳು ಸರಿಯಾಗಿ ಉಸಿರಾಡುತ್ತಿವೆಯೋ ಇಲ್ಲವೋ ಎಂದು ಬೆಳಗಿನಿಂದ ಸಂಜೆಯವರೆಗೆ ಲ್ಯಾಪ್‌ಟಾಪಿನಲ್ಲಿ ನೋಡುತ್ತಿರುವುದು ಇವರ ಉದ್ಯೋಗ. ಕೂರುವ ಕುರ್ಚಿಯ ಮೇಲೆ ಅಜ್ಜನ ಕರಿ ಕಂಬಳಿ ಹಾಸಿಕೊಂಡಿದ್ದಾರೆ. ಕಾಯುವ ಕೆಲಸಕ್ಕೆ ಕಂಬಳಿ ಬೇಕೇ ಬೇಕು ಎಂಬುದು ಅವರ ಅಭಿಪ್ರಾಯ.

ಮನೆಯಲ್ಲೇ ಕೂತು ಕೆಲಸ ಎಂದೆನಲ್ಲ, ಆ ಮಾತನ್ನು ಮಾಮಾ ಎದುರಿಗೆ ಆಡುವಂತಿಲ್ಲ! ಅವರು ದಿನಾ ಪುಣೆಗೆ ಹೋಗುತ್ತಾರೆ. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ಭಂಡಾರದ ಅರಿಶಿನ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ, ಬಿಳಿ ಟೋಪಿ, ಕೆಳಗೆ ಧೋತರ ಇಷ್ಟನ್ನೂ ಶಿಸ್ತಾಗಿ ತೊಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೊರಟೆ ಎಂದು ಹೇಳುತ್ತಾರೆ. ಅಕ್ಕ ಒಲೆಯ ಮುಂದಿನಿಂದ ಹೋಗಿ ಬರ್ರಿ ಎನ್ನಬೇಕು. ಆಮೇಲೆ ಮಾಮಾ ಪಡಸಾಲೆಯ ಮೂಲೆಗೆ ನಡೆದು, ಚಪ್ಪಲಿ ಕಳಚಿ, ಕಂಬಳಿಯ ಮೇಲೆ ಕೂತು ಒಂದು ಗುಂಡಿ ಒತ್ತುತ್ತಾರೆ. ಅದು ವಿಪಿಎನ್. ಲ್ಯಾಪ್‌ಟಾಪಿನಿಂದ ಕಂಪನಿಯವರೆಗೆ ಯಾರಿಗೂ ಕಾಣದ ಒಂದು ಸುರಂಗ. ಮೂಲೆಯಲ್ಲಿ ಹಸಿರು ಬೀಗ ಮೂಡಿತೋ, ಮಾಮಾ ಪುಣೆಯಲ್ಲಿ ಇಳಿದರು ಎಂದು ಲೆಕ್ಕ.

ಒಮ್ಮೆ ನಾಗನೂರಿನಿಂದ ಅವರ ದೊಡ್ಡಪ್ಪನ ಮಗ ಬಂದ. ಪಡಸಾಲೆಯಲ್ಲಿ ಮಾಮಾ ಸಾಕ್ಷಾತ್ ಕೂತಿದ್ದಾರೆ. ಅಕ್ಕ ನೀರು ಕೊಟ್ಟು, ಅವರು ಪುಣೆಗೆ ಹೋಗಿದ್ದಾರೆ, ಸಂಜೆ ಬರುತ್ತಾರೆ ಎಂದಳು. ಆತ ಮಾಮಾನನ್ನು ನೋಡಿದ. ಮಾಮಾ ಆತನನ್ನು ನೋಡಿ, ಪುಣೆಯ ರಸ್ತೆಯಲ್ಲಿ ಗುರುತಿಲ್ಲದವನೊಬ್ಬ ಎದುರಾದಂತೆ ಕಣ್ಣು ತಿರುಗಿಸಿದರು. ಆತ ಚಹಾ ಕುಡಿದು, ಏಳುವಾಗ ಅಕ್ಕನಿಗೆ ಹೇಳಿದ, "ಬಂದ ಮ್ಯಾಲ ಹೇಳ್ರಿ ವೈನಿ, ನಾ ಬಂದಿದ್ನಿ ಅಂತ."

ಇಷ್ಟಕ್ಕೇ ಮುಗಿಯಿತೇ? ಸಂಜೆ ಬೀಗ ತೆಗೆದು ಮಾಮಾ ಊರಿಗೆ ಮರಳಿದರು. ಹಿತ್ತಿಲ ನಲ್ಲಿಗೆ ಹೋಗಿ ಕಾಲು ತೊಳೆದರು. ದೂರದಿಂದ ಬಂದವನು ಕಾಲು ತೊಳೆಯದೆ ಒಳಗೆ ಬರುವುದುಂಟೇ! ಒಳಗೆ ಬಂದು ಟವೆಲಿನಿಂದ ಮುಖ ಒರೆಸುತ್ತ, ಇವತ್ತು ಯಾರಾದರೂ ಬಂದಿದ್ದರೇನು ಎಂದು ಅಕ್ಕನನ್ನು ವಿಚಾರಿಸಿದರು. ನಾಗನೂರಿನವರು ಬಂದಿದ್ದರು ಎಂದಳು ಅಕ್ಕ. ಛೇ, ನಾನು ಬರುವತನಕ ಕೂಡಿಸಿಕೊಳ್ಳಬೇಕಿತ್ತು ಎಂದು ಮಾಮಾ ಹಳಹಳಿಸಿದರು.

ನಾನು ಗೋಕಾಕದ ಒಂದು ಸಾಲೆಯಲ್ಲಿ ವಿಜ್ಞಾನ ಕಲಿಸುವವಳು. ಈ ಹುಚ್ಚಾಟ ಯಾತಕ್ಕೆ ಎಂದು ಒಮ್ಮೆ ಕೇಳಿದ್ದೆ. ಅವರು ಗಂಭೀರವಾಗಿಯೇ ಉತ್ತರ ಕೊಟ್ಟರು. ಬದುವು ಇಲ್ಲದಿದ್ದರೆ ಇತ್ತ ಮನೆಯೂ ಆಗುವುದಿಲ್ಲ, ಅತ್ತ ಆಫೀಸೂ ಆಗುವುದಿಲ್ಲ. ಹೋದಮೇಲೆ ಪೂರ್ತಿ ಹೋಗಿರಬೇಕು, ಬಂದಮೇಲೆ ಪೂರ್ತಿ ಬಂದಿರಬೇಕು. ಆಗ ನಾನು ನಕ್ಕಿದ್ದೆ. ಊರಿನವರೂ ನಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ಅಕ್ಕ.

ಆ ಅಕ್ಕನಿಗೆ ಕಳೆದ ಯುಗಾದಿಯ ಹೊತ್ತಿಗೆ ಒಂದು ಜ್ವರ ಬಂತು. ಜ್ವರ ಹೋಗುವಾಗ ಕಿವಿಗಳನ್ನು ತೆಗೆದುಕೊಂಡು ಹೋಯಿತು. ಬೆಳಗಾವಿಯ ಡಾಕ್ಟರು ಎರಡೂ ಕಿವಿಯ ನರ ಸತ್ತಿದೆ ಎಂದರು. ಕಿವಿಗೆ ಹಾಕುವ ಯಂತ್ರ ಕೊಟ್ಟು ನೋಡಿದರು, ಅದರಿಂದಲೂ ಏನೂ ಆಗಲಿಲ್ಲ. ಮೂಡಲಗಿಯ ಬಾಯಿಬಡುಕಿ ಎಂದು ಹೆಸರಾಗಿದ್ದ ನನ್ನ ಅಕ್ಕ, ಕಬ್ಬಿನ ಟ್ರ್ಯಾಕ್ಟರು ಕಿವಿ ಹರಿಯುವಂತೆ ಹಾಡು ಹಚ್ಚಿಕೊಂಡು ಮನೆಮುಂದೆ ಹಾದರೂ ತಿರುಗಿ ನೋಡದವಳಾದಳು.

ಆದರೆ ಸುಮ್ಮನಾಗುವ ಪೈಕಿಯಲ್ಲ. ಕಿವಿ ಹೋದದ್ದು ಓಣಿಗೆ ಗೊತ್ತಾಗಬಾರದು ಎಂದು ಹಟ ಹಿಡಿದಳು. ಎದುರಿಗಿದ್ದವರ ಮುಖ ನೋಡಿ, ಮಾತು ನಿಂತಲ್ಲಿ ಒಂದು ಹೂಂ ಹಾಕುವುದು; ಮುಖ ಸಪ್ಪಗಿದ್ದರೆ ಉದ್ದ ಹೂಂ, ಗೆಲುವಾಗಿದ್ದರೆ ತುಂಡು ಹೂಂ. ಹತ್ತರಲ್ಲಿ ಎಂಟು ಸಲ ಹೊಂದಿಕೆಯಾಗುತ್ತಿತ್ತು. ಎದುರುಮನೆಯ ಯಮನವ್ವ ಒಂದು ದಿನ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದು, ಎಮ್ಮೆ ಹಾಲು ಬತ್ತಿಸಿಕೊಂಡಿತು ಎಂದು ಹೇಳಿದಳಂತೆ. ಮುಖ ಸೆರಗಿನ ಹಿಂದಿತ್ತಲ್ಲ, ಅಕ್ಕ ಅಂದಾಜಿನ ಮೇಲೆ ಭಾಳ ಛಲೋ ಆತು, ಪೇಢೆ ಹಂಚು ಎಂದುಬಿಟ್ಟಳು. ಯಮನವ್ವ ಎಂಟು ದಿನ ಮಾತು ಬಿಟ್ಟಳು. ಹೇಗೂ ಕೇಳಿಸುತ್ತಿರಲಿಲ್ಲವಾದ್ದರಿಂದ ಅಕ್ಕನಿಗೆ ಅದೂ ತಡವಾಗಿ ಗೊತ್ತಾಯಿತು.

ನಾವು ಬಿದ್ದು ಬಿದ್ದು ನಕ್ಕೆವು. ಮಾಮಾ ನಗಲಿಲ್ಲ. ಅವತ್ತಿನಿಂದ ಸಂಜೆ ಕಾಲು ತೊಳೆದ ಮೇಲೆ ಮತ್ತೆ ಲ್ಯಾಪ್‌ಟಾಪ್ ಮುಂದೆ ಕೂರಲು ಶುರುಮಾಡಿದರು. ಅವರ ಲ್ಯಾಪ್‌ಟಾಪಿನಲ್ಲಿ ಹೊರಗಿನದು ವಿಂಡೋಸ್. ಅದರ ಹೊಟ್ಟೆಯೊಳಗೆ ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆ, ಮಾಲೀಕನ ಮನೆಯ ಒಳಕೋಣೆಯಲ್ಲಿ ಬಾಡಿಗೆಗಿದ್ದವರ ಹಾಗೆ. ಆ ಒಳಕೋಣೆಯಲ್ಲಿ ಮಾಮಾ ಒಂದು ಕಾರ್ಯಕ್ರಮ ಕಟ್ಟಿದರು. ಮನೆಯಲ್ಲಿ ಯಾರು ಮಾತಾಡಿದರೂ ಮೈಕು ಹಿಡಿದು, ಆ ದನಿಯನ್ನು ಇಂಟರ್ನೆಟ್ಟಿನ ಮೇಲೆ ಎಲ್ಲೋ ಇರುವ ಯಂತ್ರಕ್ಕೆ ಕಳಿಸಿ, ಅಲ್ಲಿಂದ ಅಕ್ಷರವಾಗಿ ವಾಪಸು ತಂದು, ಪಡಸಾಲೆಯ ಟೀವಿಯಲ್ಲಿ ಅಂಗೈಯಷ್ಟು ದೊಡ್ಡದಾಗಿ ತೋರಿಸುವ ವ್ಯವಸ್ಥೆ. ಅಕ್ಕ ಏಳನೇ ಇಯತ್ತೆಯವರೆಗೆ ಓದಿದವಳು. ಮೊದಲ ಸಲ ಟೀವಿಯಲ್ಲಿ ಮಾಮಾನ ಮಾತು ಮೂಡಿದಾಗ ಅವಳು ಎದ್ದು ಹೋಗಿ ಗಾಜನ್ನು ಮುಟ್ಟಿ ನೋಡಿದಳು.

ಒಂದೇ ತೊಂದರೆ. ಆ ದೂರದ ಯಂತ್ರಕ್ಕೆ ನಮ್ಮ ಕಡೆಯ ಮಾತು ಗೊತ್ತಿಲ್ಲ. ನಾವು 'ಐತಿ' ಎಂದರೆ ಅದು 'ಇದೆ' ಎಂದು ಬರೆಯುತ್ತದೆ, 'ಬಾರವಾ' ಎಂದರೆ 'ಬಾರಮ್ಮಾ' ಎನ್ನುತ್ತದೆ. ಎಲ್ಲರೂ ಟೀವಿಯಲ್ಲಿ ಸುದ್ದಿ ಓದುವವರ ಹಾಗೆ ಯಾಕೆ ಮಾತಾಡುತ್ತಿದ್ದೀರಿ ಎಂದು ಅಕ್ಕ ವಾರಗಟ್ಟಲೆ ನಮ್ಮನ್ನು ಕಾಡಿಸಿದಳು. ಆದರೂ ಮಾತು ಮರಳಿ ಬಂದ ಸುಖ ಅವಳ ಮುಖದಲ್ಲಿತ್ತು. ಮಾಮಾನ ಮುಖದಲ್ಲಿ ಅದಕ್ಕಿಂತ ಹೆಚ್ಚಿತ್ತು.

ಈ ಯಂತ್ರದಿಂದ ಒಂದು ಗುಟ್ಟೂ ಉಳಿಯುತ್ತಿತ್ತು. ಅಕ್ಕ-ಮಾಮಾಗೆ ಒಬ್ಬಳೇ ಮಗಳು, ಹುಕ್ಕೇರಿಗೆ ಕೊಟ್ಟಿದ್ದಾರೆ. ಮದುವೆಯಾಗಿ ಬಹಳ ವರ್ಷಕ್ಕೆ ಬಸುರಾಗಿದ್ದಳು. ಹಾಸಿಗೆ ಬಿಟ್ಟು ಏಳಬೇಡ, ಪ್ರಯಾಣವಂತೂ ಬೇಡವೇ ಬೇಡ ಎಂದು ಅಲ್ಲಿಯ ಡಾಕ್ಟರು ತಾಕೀತು ಮಾಡಿದ್ದರು. ಅವ್ವನ ಕಿವಿ ಪೂರ್ತಿ ಹೋಗಿದೆ ಎಂದು ತಿಳಿದರೆ ಈ ಹುಡುಗಿ ಎದ್ದು ಬಸ್ಸು ಹತ್ತುವವಳೇ! ಅದಕ್ಕೆ ಅಕ್ಕ ನಮ್ಮ ಬಾಯಿಗೆಲ್ಲ ಬೀಗ ಹಾಕಿದ್ದಳು. ಕಿವಿ ಸ್ವಲ್ಪ ಮಂದ, ಯಂತ್ರ ಹಾಕಿದ್ದಾರೆ, ಈಗ ಸರಿಯಾಗಿದೆ ಎಂದಷ್ಟೇ ಹುಕ್ಕೇರಿಗೆ ಸುದ್ದಿ. ತಾನು ಹೋದರೆ ಬಯಲಾಗುತ್ತದೆ ಎಂದು ಮೊಣಕಾಲು ನೋವಿನ ನೆವ ಹೇಳಿ ಅಲ್ಲಿಗೆ ಹೋಗುವುದನ್ನೂ ಬಿಟ್ಟಿದ್ದಳು. ಮಗಳ ಕುಬಸಕ್ಕೆ, ಬಸುರಿಗೆ ಹಸಿರು ಸೀರೆ ಉಡಿಸುವ ಆ ಕಾರ್ಯಕ್ಕೆ, ಹೋಗಿಯೇ ಹೋಗುತ್ತೇನೆ, ಅಷ್ಟರಲ್ಲಿ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತುಬಿಡುತ್ತೇನೆ ಎನ್ನುತ್ತಿದ್ದಳು. ಮಗಳು ಫೋನ್ ಮಾಡಿದರೆ ದನಿ ದೊಡ್ಡದಾಗಿ ಬರುವಂತೆ ಮಾಡಿ ಮೈಕಿನ ಮುಂದೆ ಇಡುವುದು, ಟೀವಿಯಲ್ಲಿ ಓದುವುದು, ಉತ್ತರ ಕೊಡುವುದು. ಮಗಳಿಗೆ ಕಿಂಚಿತ್ತೂ ಅನುಮಾನ ಬಂದಿರಲಿಲ್ಲ.

ಇಷ್ಟು ಚೆಂದದ ವ್ಯವಸ್ಥೆ ಒಂದು ಗುಂಡಿಗೆ ಹೆದರುತ್ತಿತ್ತು. ಮಾಮಾ ಪುಣೆಗೆ ಹೋದ ತಕ್ಷಣ ಟೀವಿ ಮೂಕವಾಗುತ್ತಿತ್ತು!

ಕಾರಣವನ್ನು ಅವರು ನನಗೆ ಹಲವು ಭಾನುವಾರ ಹೇಳಿದ್ದಾರೆ. ಸುರಂಗ ತೆರೆದರೆ ಲ್ಯಾಪ್‌ಟಾಪಿನ ಹೋಗುವ ಬರುವ ದಾರಿಯೆಲ್ಲ ಅದರೊಳಗಿಂದಲೇ. ಒಳಕೋಣೆಯ ಲಿನಕ್ಸಿಗೆ ತನ್ನದೇ ಬಾಗಿಲಿಲ್ಲ. ಸುರಂಗದ ಕಾವಲುಗಾರರಿಗೆ ಅದರ ಗುರುತೂ ಇಲ್ಲ. ಹಾಗಾಗಿ ಅದು ಕೂಗಿದ್ದು ಎಲ್ಲಿಗೂ ಮುಟ್ಟುವುದಿಲ್ಲ. ಇದಕ್ಕೆ ಮದ್ದು ಸ್ಪ್ಲಿಟ್ ಟನೆಲಿಂಗ್ ಎಂದರು. ಎಂದರೆ ಆಫೀಸಿನದು ಮಾತ್ರ ಸುರಂಗದಲ್ಲಿ ಹೋಗಲಿ, ಉಳಿದದ್ದು ಮನೆಯ ಇಂಟರ್ನೆಟ್ಟಿನ ಹಾದಿಯಲ್ಲಿ ಹೋಗಲಿ ಎಂದು ದಾರಿಯನ್ನು ಎರಡು ಮಾಡುವುದು. ಅದಕ್ಕೆ ಪುಣೆಯಲ್ಲಿ ಇವರ ಮೇಲಧಿಕಾರಿಯಾಗಿದ್ದ ಮೇಡಮ್ಮಿನ ಅಪ್ಪಣೆ ಬೇಕು. ಮೇಡಮ್ ನಿಯಮ ಒಪ್ಪುವುದಿಲ್ಲ ಎಂದರು. ಮಾಮಾ ಮತ್ತೆ ಮತ್ತೆ ಕೇಳಿದರು. ಇನ್ನೊಂದು ಅಗ್ಗದ ಕಂಪ್ಯೂಟರ್ ತಂದು ಆ ಕಾರ್ಯಕ್ರಮವನ್ನು ಅದರಲ್ಲಿ ಹಾಕಿಬಿಡಿ ಎಂದು ನಾನು ಹೇಳಿದೆ. ಮಾಮಾ ನನ್ನನ್ನು ದುರುಗುಟ್ಟಿ ನೋಡಿದರು.

"ಗಂಟ ಬಿದ್ದದ್ದ ಇಲ್ಲಿ. ಬಿಚ್ಚೂದೂ ಇಲ್ಲೇ ಬಿಚ್ಚಬೇಕವಾ," ಎಂದರು.

ಹಟಮಾರಿತನಕ್ಕೆ ಬಹುಮಾನ ಕೊಡುವುದಿದ್ದರೆ ನಮ್ಮ ಮಾಮಾಗೇ ಕೊಡಬೇಕು! ಅವರ ಆ ಹಟವನ್ನು ನೆನೆದರೆ ಈಗ ನನಗೆ ನಗು ಬರುವುದಿಲ್ಲ.

ಗಂಟು ಬಿಚ್ಚುವತನಕ ಅವರು ಒಂದು ಉಪಾಯ ಮಾಡಿಕೊಂಡರು. ನಮ್ಮ ಕಡೆ ಕಾಲುವೆಯ ನೀರಿಗೆ ಪಾಳಿ ಇರುತ್ತದಲ್ಲ, ಒಂದಿಷ್ಟು ಹೊತ್ತು ನಿನ್ನ ಹೊಲಕ್ಕೆ, ಆಮೇಲೆ ನನ್ನ ಹೊಲಕ್ಕೆ ಎಂದು, ಹಾಗೆ ಇಂಟರ್ನೆಟ್ಟಿಗೂ ಪಾಳಿ ಹಚ್ಚಿದರು. ಬೆಳಗಿನಿಂದ ಪುಣೆಯ ಪಾಳಿ. ಚಹಾದ ಹೊತ್ತಿಗೆ ಸುರಂಗ ಮುಚ್ಚಿ ಸ್ವಲ್ಪ ಹೊತ್ತು ಅಕ್ಕನ ಪಾಳಿ. ಮತ್ತೆ ಪುಣೆ. ಊಟದ ಹೊತ್ತಿಗೆ ಮತ್ತೆ ಅಕ್ಕ. ಕಾಲುವೆಯ ತೂಬಿನ ಮೇಲೆ ನಿಂತವನು ಕೆಳಗಿನ ಹೊಲದವನಿಗೆ ನೀರು ಬಿಟ್ಟೆ ಎಂದು ಟವೆಲ್ ಬೀಸುತ್ತಾನಲ್ಲ, ಹಾಗೆ ಮಾಮಾ ಪಡಸಾಲೆಯಲ್ಲಿ ನಿಂತು ಅಡುಗೆಮನೆಯ ಕಡೆ ಟವೆಲ್ ಬೀಸುತ್ತಿದ್ದರು. ಅಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಿದ್ದಳು. ಬೆಳಗಿನಿಂದ ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡ ಪ್ರಶ್ನೆಗಳನ್ನೆಲ್ಲ ಒಂದೇ ಉಸಿರಿಗೆ ಕೇಳುತ್ತಿದ್ದಳು: ಯಮನವ್ವನ ಮನೆಯಲ್ಲಿ ಯಾಕೆ ಜನ ಸೇರಿದ್ದರು, ಬೆಳಿಗ್ಗೆ ನೀವು ಫೋನಿನಲ್ಲಿ ಯಾರಿಗೆ ಸಿಟ್ಟು ಮಾಡಿದಿರಿ, ನಾನು ಹಾಡಿಕೊಳ್ಳುತ್ತಿದ್ದೆನಲ್ಲ, ರಾಗ ಸರಿ ಇತ್ತೋ? ಮೂವತ್ತು ವರ್ಷ ಸಂಸಾರ ಮಾಡಿದ ಗಂಡ ಹೆಂಡತಿ ಹೀಗೆ ಪಾಳಿ ಹಚ್ಚಿ ಮಾತಾಡುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚಾದದ್ದೂ ಉಂಟು.

ಮಗಳಿಗೂ ಅಪ್ಪ ಹೇಳಿಟ್ಟಿದ್ದರು. ಅವ್ವನ ಕೈ ಖಾಲಿ ಇರುವುದು ಊಟದ ಹೊತ್ತಿಗೆ, ಆಗ ಫೋನ್ ಮಾಡು ಎಂದು. ಅವಳು ಸರಿಯಾಗಿ ಪಾಳಿಗೇ ಮಾಡುತ್ತಿದ್ದಳು. ಉಂಡೆ, ಮಲಗಿದ್ದೆ, ಡಾಕ್ಟರು ಎಲ್ಲ ಸರಿ ಇದೆ ಎಂದರು, ಹೊಟ್ಟೆಯೊಳಗೆ ಒದೆಯುತ್ತಿದೆ. ದಿನವೂ ಇದೇ ಮಾತು, ದಿನವೂ ಅಕ್ಕ ಹೊಸದೆಂಬಂತೆ ಓದುತ್ತಿದ್ದಳು.

ಕೊನೆಗೆ ಪುಣೆಯ ಮೇಡಮ್ ಕರಗಿದರು. ದಾರಿ ಎರಡಾಯಿತು. ಮಾಮಾ ನನಗೆ ಫೋನ್ ಮಾಡಿ, ಇನ್ನು ಪಾಳಿಯ ಕಾಟ ಮುಗಿಯಿತು ಎಂದು ಮದುವೆ ಗೊತ್ತಾದವರ ಹಾಗೆ ಹೇಳಿದರು. ಮುಗಿಯಲಿಲ್ಲ. ವಿಂಡೋಸಿನಲ್ಲಿ ದಾರಿ ಎರಡಾದರೂ ಒಳಕೋಣೆಯ ಲಿನಕ್ಸಿಗೆ ಹೊರಗಿನ ಗಾಳಿಯೇ ಬರಲಿಲ್ಲ. ಮಾಮಾ ಅಗೆದು ಅಗೆದು ನೋಡಿದರು. ಲ್ಯಾಪ್‌ಟಾಪಿನೊಳಗೆ ಲಿನಕ್ಸ್ ತನಗಾಗಿ ಇಟ್ಟುಕೊಂಡ ವಿಳಾಸದ ಅಂಕಿಗಳೂ ಪುಣೆಯ ಕಂಪನಿ ಒಳಗೊಳಗೆ ಬಳಸುವ ಅಂಕಿಗಳೂ ಒಂದೇ ಆಗಿದ್ದವಂತೆ. "ಎರಡ ಹೊಲಕ್ಕ ಒಂದ ಸರ್ವೆ ನಂಬರ್ ಬಿದ್ದೈತಿ ನೋಡು," ಎಂದರು. ಹೊಲಗಳ ನಡುವೆ ಇಂಥ ತಂಟೆ ಬಿದ್ದರೆ ಕೋರ್ಟು ಹತ್ತುತ್ತಾರೆ. ಮಾಮಾ ಕಂಬಳಿ ಹತ್ತಿ ಕೂತು ಲಿನಕ್ಸಿನ ಅಂಕಿ ಬದಲಾಯಿಸಿದರು. ಆಮೇಲೆ ಇನ್ನೊಂದು ಬಿಕ್ಕಟ್ಟು: ಯಾವ ಹೆಸರಿನವರು ಯಾವ ವಿಳಾಸದಲ್ಲಿದ್ದಾರೆ ಎಂದು ಲಿನಕ್ಸ್ ಯಾರನ್ನು ಕೇಳಬೇಕು? ಅದನ್ನೂ ಇವರೇ ಕೈಯಾರೆ ಬರೆದಿಟ್ಟರು. ಟೀವಿ ಮಾತಾಡಿತು. ಮಾಮಾ ಪುಣೆಯಲ್ಲಿರುವಾಗಲೇ ಅಕ್ಕ ಮೂಡಲಗಿಯಲ್ಲಿ ಮಾತು ಓದಿದಳು! ಎದುರುಮನೆಗೆಲ್ಲ ಪೇಢೆ ಹಂಚಿದರು. ಆದರೆ ಲ್ಯಾಪ್‌ಟಾಪನ್ನು ಒಮ್ಮೆ ಆರಿಸಿ ಹಚ್ಚಿದರೆ ಆ ಬರೆದದ್ದು ತಾನೇ ಅಳಿಸಿಹೋಗುತ್ತಿತ್ತು. ಮತ್ತೆ ಬರೆಯಬೇಕು. ಅಷ್ಟೊಂದೇ ಗಂಟು ಉಳಿದಿದೆ, ಬರುವ ಭಾನುವಾರ ಬಿಚ್ಚುತ್ತೇನೆ ಎಂದರು ಮಾಮಾ.

ಆ ಭಾನುವಾರ ಬರುವ ಮುಂಚೆ ನಡೆದದ್ದನ್ನು ನಾನು ಕಣ್ಣಾರೆ ನೋಡಿಲ್ಲ. ಅಕ್ಕ, ಮಾಮಾ ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ. ಇಬ್ಬರೂ ತಮ್ಮದೇ ತಪ್ಪು ಎಂದು ಹೇಳಿದ್ದಾರೆ.

ಪಂಚಮಿ ಮುಗಿದ ವಾರ. ಬೆಳಿಗ್ಗೆ ಲ್ಯಾಪ್‌ಟಾಪ್ ತನ್ನಷ್ಟಕ್ಕೆ ತಾನೇ ಆರಿ ಮತ್ತೆ ಹತ್ತಿಕೊಂಡಿತ್ತು. ಬರೆದಿಟ್ಟದ್ದು ಹೋಗಿ ಟೀವಿ ಮೂಕವಾಗಿತ್ತು. ಊಟದ ಪಾಳಿಗೆ ಸರಿಮಾಡಿದರಾಯಿತು ಎಂದುಕೊಂಡರು ಮಾಮಾ. ಆದರೆ ಊಟದ ಹೊತ್ತಿಗೆ ಎಲ್ಲೋ ಒಂದು ಶೀತಲಗೃಹದ ಯಂತ್ರ ಸುದ್ದಿ ಕೊಡುವುದನ್ನು ನಿಲ್ಲಿಸಿತು. ಪುಣೆಯಲ್ಲಿ ಗದ್ದಲ. ಕಿವಿಯ ಮೇಲೆ ಹೆಡ್‌ಫೋನ್ ಹಾಕಿಕೊಂಡು ಮಾಮಾ ಅದರಲ್ಲಿ ಮುಳುಗಿದ್ದರು. ಪಾಳಿ ಬಂತು, ಟವೆಲ್ ಬೀಸಲಿಲ್ಲ. ಆಗ ಅಕ್ಕನ ಫೋನು ಬೆಳಗಿತು. ಮಗಳು.

ಅಕ್ಕ ಫೋನನ್ನು ಮೈಕಿನ ಮುಂದಿಟ್ಟಳು. ಟೀವಿ ಕಪ್ಪಗಿತ್ತು. ಮಾಮಾನ ಕಡೆಗೆ ಕೈ ಬೀಸಿದಳು. ಅವರು ತಿರುಗಿ ನೋಡದೆ ಅಂಗೈ ಎತ್ತಿ, ತಡೆ ಎಂದರು. ಪುಣೆಯಲ್ಲಿದ್ದವರನ್ನು ಹೆಗಲು ಹಿಡಿದು ಅಲುಗಿಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಫೋನು ಇಟ್ಟರೆ ಮಗಳಿಗೆ ಅನುಮಾನ ಬರುತ್ತದೆ. ದಿನವೂ ಆಡುವ ಮಾತೇ ತಾನೆ, ಎಂದುಕೊಂಡಳು ಅಕ್ಕ. ಅಂದಾಜಿನ ಮೇಲೆ ಹೂಂ ಹಾಕಿದಳು. ಮತ್ತೊಂದು ಹೂಂ ಹಾಕಿದಳು. ಆಮೇಲೆ, "ಛಲೋ ಆತ ಬಿಡವಾ. ಎಲ್ಲಾ ಛಲೋ ಆಗತೈತಿ. ನೀ ಉಂಡಿಲ್ಲೊ?" ಎಂದು ಕೇಳಿದಳು.

ಫೋನು ಅತ್ತ ಕಡೆಯಿಂದ ಕಟ್ಟಾಯಿತು. ಯಂತ್ರವಿಲ್ಲದೆ ತಾನು ಒಬ್ಬಳೇ ನಿಭಾಯಿಸಿದೆ ಎಂದು ಅಕ್ಕನಿಗೆ ಹೆಮ್ಮೆಯಾಗಿತ್ತಂತೆ. ಅದನ್ನು ಮಾಮಾಗೆ ಹೇಳಬೇಕೆಂದು ಸಂಜೆಯವರೆಗೆ ಕಾದಳು.

ಸಂಜೆ ಮಾಮಾ ಪುಣೆಯಿಂದ ಬಂದು ಹಿತ್ತಿಲಲ್ಲಿ ಕಾಲು ತೊಳೆಯುತ್ತಿದ್ದಾಗ ಹುಕ್ಕೇರಿಯಿಂದ ಅಳಿಯನ ಫೋನು ಬಂತು. ಆರನೇ ತಿಂಗಳಲ್ಲಿ ಕೂಸು ಹೋಯಿತು. ಮುಂಜಾನೆಯೇ ಆಯಿತು. ಮಧ್ಯಾಹ್ನ ದವಾಖಾನೆಯ ಹಾಸಿಗೆಯಿಂದಲೇ ಅವಳು ಅವ್ವನಿಗೆ ಹೇಳಿದ್ದಾಳಂತೆ, ಆಗಿನಿಂದ ಯಾರ ಜೊತೆಗೂ ಮಾತಾಡುತ್ತಿಲ್ಲ. ಅವ್ವ ಏನು ಹೇಳಿದರು? ಎಂದು ಅಳಿಯ ಕೇಳಿದ. ಮಾಮಾ ಒಳಗೆ ಬಂದರು. ಹಿತ್ತಿಲಲ್ಲಿ ನೀರು ಹರಿಯುತ್ತಲೇ ಇತ್ತು.

ಅವರು ಮೊದಲು ಟೀವಿ ಹಚ್ಚಿದರು. ಸುರಂಗ ಮುಚ್ಚಿತ್ತು, ಎಲ್ಲ ದಾರಿಯೂ ತೆರವಾಗಿತ್ತು, ಯಂತ್ರ ಚೆನ್ನಾಗಿಯೇ ನಡೆಯುತ್ತಿತ್ತು. ಅಕ್ಕ ಹಿಟ್ಟು ಹತ್ತಿದ ಕೈ ಒರೆಸಿಕೊಳ್ಳುತ್ತ ಬಂದು, ನಗುತ್ತ, ಓದಲು ನಿಂತಳು. ಒಂದು ವಾಕ್ಯ ಹೇಳಿದರೆ ಸಾಕಿತ್ತು. ಆ ಮಾತು ಸುದ್ದಿ ಓದುವವರ ಕನ್ನಡದಲ್ಲಿ ಅಂಗೈಯಷ್ಟು ದೊಡ್ಡದಾಗಿ ಅವಳ ಮುಂದೆ ಮೂಡುವುದನ್ನು ನೆನೆದು ಮಾಮಾಗೆ ಬಾಯೇ ಬರಲಿಲ್ಲ. ಟೀವಿ ಆರಿಸಿಬಿಟ್ಟರು. ಅಕ್ಕನ ಎದುರಿಗೆ ಕೂತು ತಮ್ಮ ಅಂಗೈಯನ್ನು ಅವಳ ಹೊಟ್ಟೆಯ ಮೇಲಿಟ್ಟರು, ಹುಕ್ಕೇರಿಯ ದಿಕ್ಕು ತೋರಿಸಿದರು, ಆಮೇಲೆ ಖಾಲಿ ಕೈ ತೋರಿಸಿದರು. ಅಕ್ಕನಿಗೆ ತಿಳಿಯಿತು. ಮಧ್ಯಾಹ್ನ ತಾನು ಏನು ಹೇಳಿದೆ ಎಂಬುದೂ ಅದರ ಹಿಂದೆಯೇ ತಿಳಿಯಿತು.

ಮರುದಿನ ಬೆಳಿಗ್ಗೆ ಅವರಿಬ್ಬರೂ ಗೋಕಾಕದ ಬಸ್‌ಸ್ಟ್ಯಾಂಡಿಗೆ ಬಂದರು, ನಾನೂ ಹುಕ್ಕೇರಿಯ ಬಸ್ಸು ಹತ್ತಿದೆ. ಮಾಮಾ ಲ್ಯಾಪ್‌ಟಾಪಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿದ್ದರು. ಕಿವಿ ಹೋದವರಿಗೆ ತಮ್ಮ ದನಿಯ ಅಳತೆ ಸಿಗುವುದಿಲ್ಲ. ಅಕ್ಕ ನನ್ನ ಕಿವಿಯಲ್ಲಿ ಗುಟ್ಟು ಹೇಳುತ್ತಿದ್ದೇನೆ ಎಂದುಕೊಂಡು ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು, "ಛಲೋ ಆತ ಬಿಡು ಅಂದ್ನಲ್ಲೇ ತಂಗಿ ನಾನು. ಉಂಡಿಲ್ಲೊ ಅಂತ ಕೇಳಿದ್ನಲ್ಲೇ." ಜನ ತಿರುಗಿ ನೋಡಿದರು. ನಾನು ಅವಳ ಬಾಯಿಯ ಮೇಲೆ ಕೈ ಇಡಬೇಕೆಂದುಕೊಂಡೆ, ಆಗಲಿಲ್ಲ. ಘಟಪ್ರಭೆ ದಾಟುವಾಗಲೂ ಅದನ್ನೇ ಹೇಳುತ್ತಿದ್ದಳು. ಆ ದಾರಿಯಷ್ಟು ಉದ್ದದ ದಾರಿಯನ್ನು ನಾನು ಇನ್ನೊಂದು ಕಂಡಿಲ್ಲ.

ಬೀಗರ ಮನೆಯಲ್ಲಿ ಎಲ್ಲರೂ ಒಳ್ಳೆಯವರೇ. ನೀರು ಕೊಟ್ಟರು, ಚಾಪೆ ಹಾಸಿದರು. ಹಿಂಗಾತು ನೋಡ್ರಿ, ಎಂದರು ಬೀಗತಿ. ಆದದ್ದಾತು, ಮುಂದ ದೇವರು ಕೊಡ್ತಾನ, ಎಂದರು ಬೀಗರು. ಬಂದ ನೆಂಟರೂ ಅದನ್ನೇ ಎಂದರು. ಏನು ಆಯಿತು, ಯಾರು ಹೋದರು ಎಂದು ಯಾರ ಬಾಯಿಯೂ ಹೇಳಲಿಲ್ಲ. ಹೆಣ್ಣುಕೂಸಾಗಿತ್ತು ಎಂದು ಅಳಿಯ ಮಾತ್ರ ಬಾಗಿಲ ಹಿಂದೆ ಮಾಮಾಗೂ ನನಗೂ ಹೇಳಿ ಅತ್ತ ಹೋದ.

ದವಾಖಾನೆಯಿಂದ ಮನೆಗೆ ಕರೆತಂದಿದ್ದ ಮಗಳು ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾವು ಬಂದದ್ದು ತಿಳಿದರೂ ಇತ್ತ ಹೊರಳಲಿಲ್ಲ. ಗೋಡೆಗೇ ಹೇಳಿದಳು, "ಯಾಕ ಬಂದಿ ಅವ್ವಾ? ಛಲೋ ಆತ ಅಂದ್ಯಲ್ಲ."

ಅಕ್ಕ ಅವಳ ಬೆನ್ನು ನೋಡುತ್ತ ನಿಂತಿದ್ದಳು. ಮಗಳು ಮಾತಾಡಿದ್ದೇ ಅವಳಿಗೆ ಗೊತ್ತಾಗಲಿಲ್ಲ. ಮಾಮಾ ಅವಸರದಿಂದ ಚೀಲ ಬಿಚ್ಚಿ ಲ್ಯಾಪ್‌ಟಾಪ್ ತೆಗೆದರು, ಚಾರ್ಜರಿನ ಬಳ್ಳಿ ಹಿಡಿದು ಗೋಡೆಯ ಮೇಲೆ ಪ್ಲಗ್ಗು ಎಲ್ಲಿದೆ ಎಂದು ಹುಡುಕಿದರು. ಮಗಳ ತಲೆಯ ಹತ್ತಿರ ಒಂದಿತ್ತು. ಅಲ್ಲಿಯವರೆಗೆ ಬಗ್ಗಿದವರು ಹಾಗೆಯೇ ನಿಂತರು. ಬಳ್ಳಿಯನ್ನು ಕೆಳಗಿಟ್ಟರು.

"ನಿಮ್ಮವ್ವನ ಕಿವಿ ಪೂರಾ ಹೋಗ್ಯಾವವಾ," ಎಂದರು. "ಯುಗಾದಿಯಿಂದ ಒಂದ ಮಾತೂ ಕೇಳಿಲ್ಲ ಆಕಿಗೆ. ನೀ ಫೋನ್ ಮಾಡಿದಾಗ ನಾ ಅಲ್ಲೇ ಬಾಜೂಕ ಕುಂತಿದ್ನಿ. ಕೈ ಮಾಡಿ ಕರದ್ಲು. ನಾ ತಿರುಗಿ ನೋಡ್ಲಿಲ್ಲ."

ಮಗಳು ನಿಧಾನವಾಗಿ ಹೊರಳಿದಳು. ಅಕ್ಕ ಆಗ ಮಾಮಾನ ಮುಖ ನೋಡುತ್ತಿದ್ದಳು. ಅವ್ವಾ, ಎಂದು ಮಗಳು ಕರೆದಳು. ಅಕ್ಕ ತಿರುಗಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಕರೆದಳು. ಆಗಲೂ ತಿರುಗಲಿಲ್ಲ. ಇಷ್ಟು ವರ್ಷ ಕರೆದರೆ ಓಗೊಟ್ಟ ಅವ್ವ ಎರಡು ಮಾರು ದೂರದಲ್ಲಿ ನಿಂತು ಓಗೊಡದಿರುವುದನ್ನು ಆ ಹುಡುಗಿ ನೋಡಿದಳಲ್ಲ, ಆ ನೋಟವನ್ನು ನಾನು ಬೇಕೆಂದರೂ ಮರೆಯಲಾರೆ.

ನಾನು ಅಕ್ಕನ ಹೆಗಲು ಮುಟ್ಟಿದೆ. ಮಗಳು ಹೊರಳಿದ್ದನ್ನು ಕಂಡು ಅಕ್ಕ ಹಾಸಿಗೆಯ ಅಂಚಿಗೆ ಕೂತಳು. ಎರಡೂ ಕೈಯಲ್ಲಿ ಅವಳ ಮುಖ ಹಿಡಿದಳು.

"ನಿನ್ನೆ ಹೇಳಿದ್ದನ್ನ ಮತ್ತೊಮ್ಮಿ ಹೇಳವಾ. ನನ್ನ ಮಾರಿ ನೋಡಿ ಹೇಳು. ನಿನ್ನೆ ನಾ ಕೇಳಲಿಲ್ಲ."

ಮಗಳು ಹೇಳಿದಳು. ಕೂಸು ಉಳಿಯಲಿಲ್ಲ ಎಂದು ಹೇಳಿದಳು. ಬಾಯಿ ನಡುಗುತ್ತಿತ್ತು, ಅಕ್ಕನಿಗೆ ತುಟಿ ತಿಳಿಯಲಿಲ್ಲ, ತಲೆಯಾಡಿಸಿ ಮತ್ತೆ ಕೇಳಿದಳು. ಇನ್ನೊಮ್ಮೆ ಹೇಳಿದಳು. ಅದೂ ತಿಳಿಯಲಿಲ್ಲ. ಒಮ್ಮೆ ಹೇಳುವುದೇ ಕಷ್ಟವಾದ ಮಾತನ್ನು ಆ ಹುಡುಗಿ ಒಂದೊಂದೇ ಅಕ್ಷರ ಬಿಡಿಸಿ, ಚಿಕ್ಕ ಮಕ್ಕಳಿಗೆ ಪಾಠ ಹೇಳಿದಂತೆ ಹೇಳಿದಳು. ಅಕ್ಕನ ತುಟಿಗಳೂ ಅದರ ಜೊತೆ ಅಲುಗಿದವು. ತಿಳಿಯಿತು ಎಂದು ಅವಳು ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಮಗಳು ಅಳಲಿಲ್ಲ. ಕಟ್ಟಿಗೆಯ ಹಾಗೆ ಬಿಗಿಯಾಗಿಯೇ ಇದ್ದಳು. ನಿನ್ನೆಯಿಂದ ಒಂದು ಹನಿ ಅತ್ತಿಲ್ಲ, ಅದೇ ನಮಗೆ ಹೆದರಿಕೆ ಎಂದು ಬೀಗತಿ ನನಗೆ ಹೇಳಿದ್ದರು.

ಮಾಮಾ ಅಂಗಳಕ್ಕೆ ಹೋದರು. ಅವತ್ತು ಅವರು ಪುಣೆಗೆ ಹೋಗಿರಲಿಲ್ಲ, ಹೇಳಿಯೂ ಇರಲಿಲ್ಲ; ಅಲ್ಲಿಂದ ಫೋನಿನ ಮೇಲೆ ಫೋನು ಬರುತ್ತಿತ್ತು. ಕಿಟಕಿಯ ಹೊರಗೆ ನಿಂತು ಅವರು ಮೇಡಮ್ಮಿನ ಜೊತೆ ನಮ್ಮ ಕಡೆ ಎಲ್ಲರಿಗೂ ತಿಳಿಯುವ ಮರಾಠಿಯಲ್ಲಿ ಮಾತಾಡುವುದು ನಮಗೆ ಒಳಗೆ ಕೇಳಿಸುತ್ತಿತ್ತು. ಬರಲಾಗುವುದಿಲ್ಲ, ರಜೆ ಬೇಕು ಎಂದರು. ಮನೆಯಲ್ಲಿ ಸಾವಾಗಿದೆ ಎಂದರು. ಯಾರು ತೀರಿಕೊಂಡರು ಎಂದು ಅತ್ತ ಕಡೆಯಿಂದ ಕೇಳಿರಬೇಕು.

ನನ್ನ ಮೊಮ್ಮಗಳು, ಎಂದರು ಮಾಮಾ.

ಅಕ್ಕನ ಎದೆಯ ಮೇಲೆ ಮಗಳ ಮೈ ಒಮ್ಮೆಲೇ ಸಡಿಲಾಯಿತು. ಹುಟ್ಟಿದಾಗಲೂ ಹಾಗೆ ಅತ್ತಿರಲಿಕ್ಕಿಲ್ಲ, ಹಾಗೆ ಅತ್ತಳು. ಕೇಳಿಸದ ಅಕ್ಕ ಗಾಬರಿಯಾಗಿ ನನ್ನ ಮುಖ, ಮಗಳ ಮುಖ ನೋಡಿ, ಏನಾಯಿತು ಎಂದು ಕೇಳಿದಳು. ಮಗಳು ಅಳುತ್ತಲೇ ಅವ್ವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಅಪ್ಪಾ ಮೊಮ್ಮಗಳ ಅಂದಾ ಅವ್ವಾ," ಎಂದಳು.

ಅಕ್ಕನಿಗೆ ಅದು ಮೊದಲ ಸಲಕ್ಕೇ ತಿಳಿಯಿತು.